ಮಕ್ಕಳ ಚಿತ್ರಗುರು ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್

ಕಲಾವಿದೆ ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ಅವರು ೧೮೯೮ರಲ್ಲಿ ವಿಯೆನ್ನಾದಲ್ಲಿ ಜನಿಸಿ, ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿದರು. ಯೆಹೂದ್ಯರೆಂಬ ಕಾರಣಕ್ಕಾಗಿ ೧೯೪೨ರಲ್ಲಿ ನಾಜಿಗಳು ಅವರನ್ನು ಪತಿಸಮೇತ ಚೆಕ್ ನಾಡಿನ ತೆರೆಜಿನ್ ಸೆರೆಶಿಬಿರಕ್ಕೆ ಸಾಗಿಸಿದರು. ಒಯ್ಯಲು ಅನುಮತಿಯಿದ್ದ ಅಲ್ಪ ಸಾಮಾನಿನಲ್ಲಿಯೂ ಅವರು ಚಿತ್ರಸಾಮಗ್ರಿಯನ್ನು ತುಂಬಿಕೊಂಡಿದ್ದರು. ಅಲ್ಲಿ ಮಕ್ಕಳನ್ನು ಕೂಡಿಸಿ ಚಿತ್ರ ಕಲಿಸಿದರು. ಬಿಳಿಯ ಕಾಗದ ದೊರೆಯದಾದಾಗ ಬಳಸಿದ ಕಚೇರಿ ಕಾಗದಗಳ ಹಿಂಬದಿಯಲ್ಲಿಯೇ ಜಲವರ್ಣದ ಹೂವು, ಮನೆಗಳು ಮೂಡಿದವು. ಪ್ರತಿ ಚಿತ್ರಕ್ಕೂ ಮಗು ತನ್ನ ಹೆಸರನ್ನು ಬರೆಯಬೇಕೆಂಬುದು ಅವರ ನಿಯಮ. ಮನುಷ್ಯರನ್ನು ಸಂಖ್ಯೆಯಿಂದ ಗುರುತಿಸುತ್ತಿದ್ದ ಸ್ಥಳದಲ್ಲಿ ಇದು ಸಣ್ಣ ಮಾತಲ್ಲ. ೧೯೪೪ರ ಅಕ್ಟೋಬರಿನಲ್ಲಿ, ಮೊದಲೇ ಒಯ್ಯಲ್ಪಟ್ಟಿದ್ದ ಪತಿಯನ್ನು ಅರಸಿ ತಾವಾಗಿಯೇ ಹೊರಟ ಅವರು ಔಷ್‌ವಿಟ್ಸ್ ಶಿಬಿರದಲ್ಲಿ ಹತರಾದರು. ಪತಿ ಬದುಕಿ ಉಳಿದರು. ಎರಡು ಪೆಟ್ಟಿಗೆಗಳಲ್ಲಿ ಉಳಿದ ಸುಮಾರು ೪,೫೦೦ ಚಿತ್ರಗಳು ಪ್ರಾಗ್ ನಗರದ ಯೆಹೂದ್ಯ ವಸ್ತುಸಂಗ್ರಹಾಲಯವನ್ನು ಸೇರಿದವು. ಬರೆದ ಮಕ್ಕಳಲ್ಲಿ ಬಹುಮಂದಿ ಮರಳಲಿಲ್ಲ.