ಕ್ಲೆಗ್‌ಹಾರ್ನ್ ಪಾಠದಲ್ಲಿ ಕುಮ್ರಿ

ಕುಮಟಾದಲ್ಲಿ ಒಂಬತ್ತನೇ ತರಗತಿಗೆ ಪರಿಸರ ಪಾಠ ಮಾಡುವಾಗ ಹ್ಯೂ ಕ್ಲೆಗ್‌ಹಾರ್ನ್ ಜೀವನ ಹೇಳಿದೆ. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಎಡಿನ್‌ಬರೋದಲ್ಲಿ ಓದಿ ಕಂಪನಿಯ ವೈದ್ಯರಾದರು. ಶಿವಮೊಗ್ಗದಲ್ಲಿ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದರಂತೆ! ಕಾಡು ಕಡಿದರೆ ಹವೆ, ಮಳೆ, ನೀರಿನ ಸೆಲೆಗಳಿಗೆ ಏನಾಗುತ್ತದೆಂದು 1851ರಲ್ಲೇ ವರದಿಯಾಯಿತು. ಅದರಲ್ಲಿ ಅವರ ಪಾಲು ದೊಡ್ಡದು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಆಗ ಭಟ್ಕಳ, ಹೊನ್ನಾವರ, ಕುಮಟಾಗಳೂ ಮದ್ರಾಸಿನವೇ. ಕಾಡು ಸುಟ್ಟು ರಾಗಿ ಬಿತ್ತುವ ಕುಮ್ರಿ ನಿಲ್ಲಬೇಕೆಂದು ಅವರು ಪಟ್ಟುಹಿಡಿದರು. ಸರ್ಕಾರ ಕಡಿವಾಣ ಹಾಕಿತು.

ಹೊನ್ನಾವರದ ಘಟ್ಟದ ಕಡೆಯ ಹುಡುಗಿಯೊಬ್ಬಳು ಎದ್ದಳು: ಕುಮ್ರಿಯವರು ಆಮೇಲೆ ಏನುಂಡರು ಸರ್? ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ರೈಲು ಹಳಿಗೆ, ಹಡಗಿಗೆ ಸರ್ಕಾರವೇ ಮರ ಕಡಿಸಿದ್ದನ್ನೂ ನಾನು ಬಿಟ್ಟಿದ್ದೆ. ಕ್ಲೆಗ್‌ಹಾರ್ನ್ 1895ರಲ್ಲಿ ತೀರಿಕೊಂಡರೆಂದು ಹೇಳಿ ಗಂಟೆ ಹೊಡೆಯುವ ಮುನ್ನವೇ ಪಾಠ ಮುಗಿಸಿದೆ. ಮರುದಿನ ಅವಳ ಪ್ರಶ್ನೆಯಿಂದಲೇ ಶುರುಮಾಡಿದೆ.