ಹಿಂದಿರುಗದ ಹರಿವನ್ನು ಕಂಡ ವೈದ್ಯ

ಮೊಮ್ಮಗಳಿಗೆ ಪದೇಪದೇ ಬರುತ್ತಿದ್ದ ಜ್ವರಕ್ಕೆ ಮೂತ್ರದ ಸೋಂಕು ಕಾರಣವೆಂದೂ, ಮೂತ್ರಕೋಶಕ್ಕಿಳಿದ ಮೂತ್ರ ಮರಳಿ ಮೂತ್ರಪಿಂಡದತ್ತ ಏರುತ್ತಿದೆಯೆಂದೂ ವೈದ್ಯರು ತಿಳಿಸಿದರು. ಈ ದೋಷ ವಂಶದಲ್ಲಿ ಬರುವುದುಂಟು ಎಂದು ಕೇಳಿದಾಗ, ನನ್ನ ಮಗಳಿಗೆ ತನ್ನದೇ ಬಾಲ್ಯದ ಕಾರಣ ತಿಳಿಯದ ಜ್ವರಗಳು ನೆನಪಾದವು. ಆ ಆತಂಕದ ದಿನಗಳಲ್ಲಿ ನಾನು ಗ್ಯಾಲೆನ್‌ನ ಬದುಕನ್ನು ಓದಿದೆ.

ಇಂದು ಟರ್ಕಿಯಲ್ಲಿರುವ ಪೆರ್ಗಮಾನ್‌ನಲ್ಲಿ ಕ್ರಿ.ಶ. 129ರಲ್ಲಿ ಆತ ಜನಿಸಿದ. ತಂದೆ ನಿಕಾನ್ ವಾಸ್ತುಶಿಲ್ಪಿ. ಕನಸೊಂದರ ಪ್ರೇರಣೆಯಿಂದ ಮಗನನ್ನು ವೈದ್ಯವಿದ್ಯೆಗೆ ಹಚ್ಚಿದ. ಸ್ಮಿರ್ನಾ, ಕಾರಿಂತ್, ಅಲೆಕ್ಸಾಂಡ್ರಿಯಗಳಲ್ಲಿ ಕಲಿತು ಮರಳಿದ ಗ್ಯಾಲೆನ್, 157ರಲ್ಲಿ ಗ್ಲಾಡಿಯೇಟರ್‌ಗಳ ವೈದ್ಯನಾದ. 162ರಲ್ಲಿ ರೋಮ್‌ಗೆ ಹೋಗಿ, ಮುಂದೆ ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ವೈದ್ಯನೂ ಆದ.

ಮೂತ್ರವು ಆವಿಯ ರೂಪದಲ್ಲಿ ಮೂತ್ರಕೋಶವನ್ನು ಸೇರುತ್ತದೆ ಎಂದು ಅಸ್ಕ್ಲೆಪಿಯಾಡೀಸ್‌ನ ಪಂಥದವರು ವಾದಿಸುತ್ತಿದ್ದರು. ಗ್ಯಾಲೆನ್ ವಾದಕ್ಕಿಳಿಯುವ ಬದಲು ಪ್ರಾಣಿಯೊಂದರ ಮೂತ್ರನಾಳಗಳನ್ನು ಕಟ್ಟಿದ. ಮೂತ್ರಕೋಶ ಬರಿದಾಯಿತು, ಕಟ್ಟಿದ ನಾಳಗಳು ಉಬ್ಬಿದವು. ಕಟ್ಟು ಬಿಚ್ಚಿದಾಗ ಮೂತ್ರ ಕೆಳಗಿಳಿಯಿತು. ಬಳಿಕ ತುಂಬಿದ ಮೂತ್ರಕೋಶವನ್ನು ಒತ್ತಿದರೂ ಅದು ಮೇಲಕ್ಕೆ ಮರಳಲಿಲ್ಲ. ಆ ಪ್ರಯೋಗದ ಕ್ರೌರ್ಯವನ್ನು ಇಂದು ಒಪ್ಪಲಾಗದು. ಆದರೆ ಆರೋಗ್ಯವಂತ ದೇಹದಲ್ಲಿ ಈ ಹರಿವು ಒಮ್ಮುಖವೆಂಬ ಸತ್ಯ ಅದರಿಂದ ಸಿದ್ಧವಾಯಿತು.

192ರ ಬೆಂಕಿಯಲ್ಲಿ ಅವನ ಅನೇಕ ಬರಹಗಳು ನಾಶವಾದವು. ಸುಮಾರು 216ರಲ್ಲಿ ಆತ ತೀರಿಕೊಂಡ. ವಿಪರ್ಯಾಸವೆಂದರೆ, ಕಣ್ಣಾರೆ ಕಂಡು ನಂಬಬೇಕೆಂದವನ ಮಾತನ್ನೇ ಮುಂದಿನ ತಲೆಮಾರುಗಳು ಪರೀಕ್ಷಿಸದೆ ನಂಬಿದವು. ಪ್ರಾಣಿಗಳನ್ನು ನೋಡಿ ಆತ ಬರೆದ ಮಾನವ ಶರೀರದ ತಪ್ಪುಗಳನ್ನು 1543ರಲ್ಲಿ ವೆಸಾಲಿಯಸ್ ವಿಸ್ತಾರವಾಗಿ ತೋರಿಸಿಕೊಟ್ಟ.

ಪರೀಕ್ಷಿಸುವ ಆ ಶಿಸ್ತು ಇಂದಿಗೂ ಬೇಕು. ಇಂಥ ಮಕ್ಕಳಿಗೆ ನಿತ್ಯ ಅಲ್ಪ ಪ್ರಮಾಣದ ಆ್ಯಂಟಿಬಯಾಟಿಕ್ ಕೊಡುವುದು ಬಹುಕಾಲದ ರೂಢಿ. ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವು, ಅದರಿಂದ ಮರುಕಳಿಸುವ ಸೋಂಕು ಸುಮಾರು ಅರ್ಧಕ್ಕಿಳಿದರೂ ಮೂತ್ರಪಿಂಡದ ಕಲೆ ಕಡಿಮೆಯಾಗಲಿಲ್ಲವೆಂದು ತೋರಿಸಿತು. ಆದ್ದರಿಂದ ಪ್ರತಿ ಮಗುವಿಗೂ ಲಾಭನಷ್ಟ ತೂಗಿಯೇ ನಿರ್ಧರಿಸಬೇಕು.

ನಮ್ಮಂಥ ಕುಟುಂಬಗಳ ಪಾಲಿನ ಕೆಲಸ ಸಣ್ಣದು: ಮಗುವಿನ ಜ್ವರಕ್ಕೆ ಕಾರಣ ಕಾಣದಿದ್ದರೆ ಮೂತ್ರ ಪರೀಕ್ಷೆಯ ಬಗ್ಗೆ ಕೇಳುವುದು, ವಂಶದಲ್ಲಿ ಈ ತೊಂದರೆಯಿದ್ದರೆ ಮರೆಮಾಚದೆ ವೈದ್ಯರಿಗೆ ಹೇಳುವುದು. ನನ್ನ ಮಗಳ ಬಾಲ್ಯದಲ್ಲಿ ನಾನು ಕೇಳಲಿಲ್ಲ. ಮೊಮ್ಮಗಳ ವಿಷಯದಲ್ಲಿ ಆ ತಪ್ಪು ಮರುಕಳಿಸಲಿಲ್ಲ.