ಗಿಡುಗಗಳ ಬೆಟ್ಟವನ್ನು ಕಾಯ್ದ ರೋಸಲಿ ಎಡ್ಜ್

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಊರಲ್ಲಿ ಹದ್ದು ಅಂದರೆ ಕೋಳಿಮರಿ ಕಳ್ಳ. ಅಂಗಳದ ಮೇಲೆ ಅದರ ನೆರಳು ಸುಳಿದರೆ ಸಾಕು, ನಮ್ಮಜ್ಜಿ ಕೋಲು ಹಿಡ್ಕೊಂಡು ಓಡಿ ಬರ್ತಿದ್ದರು. ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲೂ ಜನ ಹೀಗೇ ಅಂದುಕೊಂಡಿದ್ದರು. ಆದರೆ ಅವರ ಕೈಯಲ್ಲಿ ಇದ್ದದ್ದು ಕೋಲಲ್ಲ, ಬಂದೂಕು. ಆ ಬಂದೂಕುಗಳ ಎದುರು ನಿಂತ ಒಬ್ಬ ಹೆಂಗಸಿನ ಕಥೆಯನ್ನು ಈ ಸಲ ನಿಮಗೆ ಹೇಳ್ತೀನಿ.

ರೋಸಲಿ ಎಡ್ಜ್ ಹುಟ್ಟಿದ್ದು 1877ರಲ್ಲಿ, ನ್ಯೂಯಾರ್ಕ್ ನಗರದ ಒಂದು ಅನುಕೂಲಸ್ಥ ಮನೆಯಲ್ಲಿ. ಇಂಜಿನಿಯರ್ ಒಬ್ಬರನ್ನು ಮದುವೆಯಾದರು, ಇಬ್ಬರು ಮಕ್ಕಳ ತಾಯಿಯಾದರು. ಆಗ ಅಮೆರಿಕದ ಹೆಚ್ಚಿನ ಹೆಂಗಸರಿಗೆ ಓಟು ಹಾಕುವ ಹಕ್ಕಿರಲಿಲ್ಲ. ಆ ಹಕ್ಕಿಗಾಗಿ ನಡೆದ ಚಳವಳಿಯಲ್ಲಿ ರೋಸಲಿ ದುಡಿದರು. ಕರಪತ್ರ ಬರೆಯೋದು, ಸಭೆಯಲ್ಲಿ ಅಂಜದೆ ಮಾತಾಡೋದು, ದೊಡ್ಡವರ ಮುಖಕ್ಕೇ ಪ್ರಶ್ನೆ ಕೇಳೋದು, ಇದನ್ನೆಲ್ಲ ಅವರು ಕಲಿತದ್ದು ಅಲ್ಲಿಯೇ. 1920ರಲ್ಲಿ ದೇಶದ ಹೆಂಗಸರಿಗೆ ಓಟಿನ ಹಕ್ಕು ಬಂತು.

ಅದಾದ ಮೇಲೆ ಅವರ ಸಂಸಾರ ಮುರಿಯಿತು. ಗಂಡನಿಂದ ದೂರವಾದ ಆ ಕಷ್ಟದ ದಿನಗಳಲ್ಲಿ ಸೆಂಟ್ರಲ್ ಪಾರ್ಕಿನ ಹಕ್ಕಿಗಳು ಅವರಿಗೆ ಜೊತೆಯಾದವು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಹೊಸದೇನಾದರೂ ಕಲಿಯೋಕೆ ವಯಸ್ಸಾಯ್ತು ಅಂತ ನಿಮ್ಮ ಅಪ್ಪ ಅಮ್ಮ ಹೇಳಿದರೆ ಈ ಸಾಲನ್ನು ಅವರಿಗೆ ತೋರಿಸಿ!

1929ರಲ್ಲಿ ಅವರು ಒಂದು ಕರಪತ್ರ ಓದಿದರು. ಹಕ್ಕಿಗಳನ್ನು ಕಾಪಾಡಬೇಕಾದ ದೊಡ್ಡ ಸಂಸ್ಥೆಗಳೇ ಸುಮ್ಮನೆ ಕೂತಿವೆ ಅಂತ ಅದರಲ್ಲಿ ಬರೆದಿತ್ತು. ರೋಸಲಿ ಆ ವರ್ಷವೇ ತಮ್ಮದೇ ಒಂದು ಪುಟ್ಟ ಸಮಿತಿ ಕಟ್ಟಿದರು. ಆಗಿನ ಆಡುಬಾನ್ ಸಂಸ್ಥೆಯ ಸಭೆಗೆ ಹೋಗಿ ಎಲ್ಲರೆದುರು ಪ್ರಶ್ನೆ ಕೇಳಿದರು. ಸದಸ್ಯರ ವಿಳಾಸದ ಪಟ್ಟಿಗಾಗಿ ಕೋರ್ಟಿಗೂ ಹೋದರು.

ಈಗ ಬೆಟ್ಟದ ವಿಷಯಕ್ಕೆ ಬರೋಣ. ಪೆನ್ಸಿಲ್ವೇನಿಯಾದಲ್ಲಿ ಕಿಟಟಿನಿ ಅಂತ ಉದ್ದನೆಯ ಬೆಟ್ಟಸಾಲಿದೆ. ಬೀಸುವ ಗಾಳಿ ಬೆಟ್ಟಕ್ಕೆ ಬಡಿದು ಮೇಲಕ್ಕೇಳುತ್ತೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ಹೊರಟ ಗಿಡುಗ, ಹದ್ದುಗಳು ಆ ಗಾಳಿಯ ಮೇಲೆ ರೆಕ್ಕೆ ಬಡಿಯದೆ ತೇಲಿಕೊಂಡು ಹೋಗುತ್ತವೆ. ಅವುಗಳ ಪಾಲಿಗೆ ಅದೊಂದು ಹೈವೇ. ಬೇಟೆಗಾರರು ಆ ಹೈವೇ ಪಕ್ಕದಲ್ಲೇ ಬಂದೂಕು ಹಿಡಿದು ಕೂರುತ್ತಿದ್ದರು. ಸಾಲದ್ದಕ್ಕೆ, ಗೊಶಾಕ್ ಅನ್ನೋ ಗಿಡುಗವನ್ನು ಕೊಂದರೆ ರಾಜ್ಯ ಸರ್ಕಾರವೇ 5 ಡಾಲರ್ ಬಹುಮಾನ ಕೊಡುತ್ತಿತ್ತು. ರಿಚರ್ಡ್ ಪೌ ಎಂಬ ತರುಣ 1932ರಲ್ಲಿ ಅಲ್ಲಿ ಸತ್ತ ಹಕ್ಕಿಗಳನ್ನು ನೆಲದ ಮೇಲೆ ಸಾಲಾಗಿಟ್ಟು ಫೋಟೋ ತೆಗೆದರು. ರೋಸಲಿ ಆ ಫೋಟೋಗಳನ್ನು ನೋಡಿದರು. ಬೇರೆ ಯಾರಾದರೂ ಆ ಜಾಗ ಉಳಿಸುತ್ತಾರೆ ಅಂತ ಕಾದರು. ಯಾರೂ ಮುಂದೆ ಬರಲಿಲ್ಲ. 1934ರಲ್ಲಿ, 56ನೇ ವಯಸ್ಸಿನಲ್ಲಿ, 500 ಡಾಲರ್ ಸಾಲ ಮಾಡಿ ಸುಮಾರು 1,400 ಎಕರೆ ಬೆಟ್ಟವನ್ನು ತಾವೇ ಗುತ್ತಿಗೆಗೆ ಹಿಡಿದರು. ಆಮೇಲೆ ಅದನ್ನು ಕೊಂಡುಕೊಂಡು, 1938ರಲ್ಲಿ ಹಾಕ್ ಮೌಂಟನ್ ಸಂಸ್ಥೆಗೆ ಬರೆದುಕೊಟ್ಟರು.

ಕಾವಲಿಗೆ ಬಂದವರು ಮಾರಿಸ್ ಬ್ರೌನ್ ಮತ್ತು ಅವರ ಹೆಂಡತಿ ಇರ್ಮಾ. ಮೊದಲ ವರ್ಷ ಮಾರಿಸ್ ಸಂಬಳವನ್ನೇ ತೊಗೊಳ್ಳಲಿಲ್ಲ. ಇರ್ಮಾ ದಾರಿಯಲ್ಲಿ ನಿಂತು ಬಂದೂಕಿನವರನ್ನು ವಾಪಸ್ ಕಳಿಸುತ್ತಿದ್ದರು. ಮಾರಿಸ್ ಬೆಟ್ಟದ ತುದಿಯ ಬಂಡೆಯ ಮೇಲೆ ಕೂತು, ಹಾದು ಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರು. ಯುದ್ಧ ಕಾಲದ ಮೂರು ವರ್ಷ ಬಿಟ್ಟರೆ ಆ ಎಣಿಕೆ ಇವತ್ತಿಗೂ ನಿಂತಿಲ್ಲ. ಪ್ರತಿ ಶರತ್ಕಾಲದಲ್ಲಿ ಸ್ವಯಂಸೇವಕರು ದುರ್ಬೀನು ಹಿಡಿದು ಅದೇ ಬಂಡೆಗಳ ಮೇಲೆ ಕೂರುತ್ತಾರೆ. ಯಾವ ಜಾತಿ, ಎಷ್ಟು ಹಕ್ಕಿ, ಗಾಳಿ ಹೇಗಿದೆ ಅಂತ ಗಂಟೆಗಂಟೆಗೂ ಬರೆಯುತ್ತಾರೆ. ಒಂದು ಸೀಸನ್ನಿಗೆ ಸರಾಸರಿ 18,000 ಹಕ್ಕಿ ಎಣಿಕೆಗೆ ಸಿಗುತ್ತವೆ.

ಬರೀ ಎಣಿಸಿದರೆ ಏನು ಬಂತು ಅಂತೀರಾ? ನಾನು ಕೆಲಸದಲ್ಲಿ ದಿನವೂ ಡೇಟಾ ನೋಡೋನು, ನನಗೂ ಮೊದಲು ಹಾಗೇ ಅನ್ನಿಸಿತ್ತು. ಈ ಲೆಕ್ಕ ನೋಡಿ. 1935ರಿಂದ 39ರವರೆಗೆ ಅಲ್ಲಿ ಕಂಡ ಬಾಲ್ಡ್ ಈಗಲ್‌ಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 59ರವರೆಗೆ ನೂರಕ್ಕೆ 20 ಮಾತ್ರ. ದೊಡ್ಡ ಹಕ್ಕಿಗಳು ಹಾರುತ್ತಲೇ ಇದ್ದವು, ಆದರೆ ಮರಿಗಳು ಕಡಿಮೆಯಾಗುತ್ತಿದ್ದವು. ರೇಚಲ್ ಕಾರ್ಸನ್ 1962ರ ತಮ್ಮ ಪುಸ್ತಕ ಸೈಲೆಂಟ್ ಸ್ಪ್ರಿಂಗ್‌ನಲ್ಲಿ ಈ ಅಂಕಿಗಳನ್ನೇ ಬಳಸಿ ಡಿಡಿಟಿಯಂಥ ಕೀಟನಾಶಕಗಳ ಅಪಾಯವನ್ನು ಲೋಕಕ್ಕೆ ತೋರಿಸಿದರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಬಾಲ್ಡ್ ಈಗಲ್ ಮತ್ತೆ ಚೇತರಿಸಿಕೊಂಡಿತು. ಮಾರಿಸ್ ಮೊದಲ ದಿನ ಎಣಿಸುವಾಗ ಇದು ಯಾವುದಕ್ಕೆ ಬೇಕಾಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ನೆನಪಿಡಿ.

1962ರ ನವೆಂಬರಿನಲ್ಲಿ ಆಡುಬಾನ್ ಸಂಸ್ಥೆಯ ಸಮ್ಮೇಳನಕ್ಕೆ ರೋಸಲಿ ಹೋದರು. ಒಂದು ಕಾಲದಲ್ಲಿ ಅವರ ಪ್ರಶ್ನೆಗಳಿಗೆ ಸಿಡುಕುತ್ತಿದ್ದ ಸಂಸ್ಥೆಯ ಜನ ಆ ದಿನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ತಿಂಗಳ 30ರಂದು, 85ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಸೆಪ್ಟೆಂಬರ್ ಮಧ್ಯದಲ್ಲಿ ಬ್ರಾಡ್‌ವಿಂಗ್ಡ್ ಗಿಡುಗಗಳು ನೂರಾರು ಸಂಖ್ಯೆಯಲ್ಲಿ ಸುತ್ತುತ್ತಾ ಮೇಲೇರಿ, ದಕ್ಷಿಣ ಅಮೆರಿಕದ ಕಡೆ ಹೊರಡುತ್ತವೆ. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಫೋನ್ ಕೆಳಗಿಟ್ಟು ಆಕಾಶ ನೋಡಿ. ಕಂಡ ಹಕ್ಕಿಗಳನ್ನು ಎಣಿಸಿ, ತಾರೀಕು ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು, ಎರಡು, ಮೂರು ಅಂತ ಕನ್ನಡದಲ್ಲೇ ಎಣಿಸಿ, ನಮ್ಮ ಕ್ಲಾಸಿನ ಅಭ್ಯಾಸವೂ ಆಗುತ್ತೆ!